‘ಡಾರ್ಕ್’ ನೋಡಿ ಮುಗಿಸಿದೆವು: ಸೀಸಿಯಂ ಫೇಲ್, ಅವ್ವನ ಪ್ರಶ್ನೆ ಬಾಕಿ

ಇದು ಹೊಸದಲ್ಲ, ಮೊದಲೇ ಹೇಳಿಬಿಡುತ್ತೇನೆ. ‘ಡಾರ್ಕ್’ ಅನ್ನೋ ಈ ಜರ್ಮನ್ ಸೀರೀಸ್ ನೆಟ್‌ಫ್ಲಿಕ್ಸ್‌ನಲ್ಲಿ 2017ರ ಡಿಸೆಂಬರ್‌ನಲ್ಲಿ ಶುರುವಾಯಿತು. ಕೊನೆಯ ಸೀಸನ್ ಬಂದಿದ್ದು 2020ರ ಜೂನ್ 27ಕ್ಕೆ. ಮೂರು ಸೀಸನ್, 26 ಎಪಿಸೋಡ್. ಎಲ್ಲರೂ ನೋಡಿ, ಜಗಳಾಡಿ, ಮರೆತ ಮೇಲೆ ನಾನು ಶುರು ಮಾಡಿದೆ. ಕಲಬುರಗಿ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಸಿ ಶಿಫ್ಟ್, ಅಂದರೆ ರಾತ್ರಿ ಪಾಳಿ ಮುಗಿಸಿ ಬಂದು, ಮಲಗಿ ಎದ್ದು, ಕೂಲರಿಗೆ ನಾಲ್ಕು ಕೊಡ ನೀರು ಸುರಿದು ಕೂತರೆ ಸಂಜೆವರೆಗೆ ಬೇರೆ ಕೆಲಸವಿಲ್ಲ. ದಿನಕ್ಕೊಂದರಂತೆ ನೋಡಿದರೂ 26 ದಿನಕ್ಕೆ ಮುಗಿಯಬೇಕಿತ್ತು, ಒಂದೂವರೆ ತಿಂಗಳು ಹಿಡಿಯಿತು. ನಮ್ಮ ಓಣಿಗೆ ನೆಟ್ ಕೊಡುವವರ ವೈರು ಗಾಳಿ ಬಂದರೆ ಕಿತ್ತು ಬೀಳುತ್ತೆ, ಫೋನ್ ಮಾಡಿದರೆ "ಹುಡುಗ ಹೊಂಟಾನ್ರಿ" ಅಂತಾರೆ, ಆ ಹುಡುಗ ಯಾವ ಶತಮಾನದಿಂದ ಹೊರಟಿದ್ದಾನೋ ಗೊತ್ತಿಲ್ಲ.

ಕೊನೆ ಹೇಳದೆ ನನ್ನ ತಕರಾರು ಹೇಳಲು ಆಗುವುದಿಲ್ಲ. ನೋಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ನೋಡಬಹುದಾ ಅಂದರೆ ನೋಡಬಹುದು, 5ಕ್ಕೆ 4 ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಟ್ ಆಯಿತು ಅನ್ನೋದೇ ಈ ಬರಹ.

ವಿಂಡೆನ್ ಅಂತ ಒಂದು ಊರು, ಕಲ್ಪನೆಯದು. ಕಾಡು, ಬಿಡದ ಮಳೆ, ಒಂದು ಅಣು ವಿದ್ಯುತ್ ಸ್ಥಾವರ, ಒಂದು ಗುಹೆ. 2019ರ ನವೆಂಬರ್ 4ರ ರಾತ್ರಿ ಮಿಕ್ಕೆಲ್ ಅನ್ನೋ 11 ವರ್ಷದ ಹುಡುಗ ಗುಹೆಯ ಹತ್ತಿರ ಕಾಣೆಯಾಗುತ್ತಾನೆ. ಹೋಗಿ ಬಿದ್ದಿದ್ದು 1986ರಲ್ಲಿ. ವಾಪಸ್ ಬರುವ ದಾರಿ ಸಿಗುವುದಿಲ್ಲ. ಅಲ್ಲೇ ಒಬ್ಬ ನರ್ಸಮ್ಮ ಸಾಕುತ್ತಾಳೆ, ದೊಡ್ಡವನಾಗುತ್ತಾನೆ, ಮೈಕೆಲ್ ಅನ್ನಿಸಿಕೊಳ್ಳುತ್ತಾನೆ, ಹನ್ನಾ ಅನ್ನುವವಳನ್ನು ಮದುವೆಯಾಗುತ್ತಾನೆ, ಮಗ ಹುಟ್ಟುತ್ತಾನೆ. ಆ ಮಗನೇ ಯೋನಾಸ್, ಕಥೆಯ ಹೀರೋ. ಇಡೀ ಸೀರೀಸ್ ಒಂದು ಹಳದಿ ಮಳೆಕೋಟು ಹಾಕಿಕೊಂಡು ತಿರುಗುವ ಹುಡುಗ.

ನಾನು ಜರ್ಮನ್ ಆಡಿಯೋ, ಇಂಗ್ಲಿಷ್ ಸಬ್‌ಟೈಟಲ್ ಇಟ್ಟು ನೋಡಿದೆ. ಇಂಗ್ಲಿಷ್ ಡಬ್ಬಿಂಗೂ ಇದೆ, ಬೇಡ. ಅವ್ವ ಪಕ್ಕದಲ್ಲಿ ಮೊರದಲ್ಲಿ ತೊಗರಿಬ್ಯಾಳಿ ಹಸನು ಮಾಡುತ್ತಾ ಕೂರುತ್ತಿದ್ದಳು. ಅವಳಿಗೆ ನಾನೇ ಬಾಯಲ್ಲಿ ಕನ್ನಡ ಮಾಡಿ ಹೇಳಬೇಕು. ಈ ಸೀರೀಸಿನ ಸಂಬಂಧಗಳು ತಲೆಗೆ ಹತ್ತಲ್ಲ ಅಂತ ಜನ ಗೋಡೆ ತುಂಬ ವಂಶವೃಕ್ಷ ಬರೆದುಕೊಂಡು ನೋಡುತ್ತಾರಂತೆ. ನಾನೂ ಯೋನಾಸ್‌ಗೆ ಮಾರ್ತಾ ಮೇಲೆ ಪ್ರೀತಿ, ಮಾರ್ತಾ ಮಿಕ್ಕೆಲ್‌ನ ಅಕ್ಕ, ಮಿಕ್ಕೆಲ್ ಯೋನಾಸ್‌ನ ಅಪ್ಪ ಅನ್ನುವಲ್ಲಿಗೆ ಬಂದಾಗ ನಿಲ್ಲಿಸಿ ಹಾಳೆ ಹುಡುಕುತ್ತಿದ್ದೆ. ಅವ್ವ ತಲೆ ಎತ್ತಲಿಲ್ಲ.

"ಏ ತಮ್ಮಾ, ಅಪ್ಪನ ಅಕ್ಕ ಅಂದ್ರ ಸೋದರತ್ತಿ ಅಲ್ಲೇನೋ? ಸೋದರತ್ತಿ ಮಗಳನ್ನ ಮಾಡ್ಕೋಬೌದು. ಸೋದರತ್ತಿನೇ ಮಾಡ್ಕೊಂಡ್ರ ಹ್ಯಾಂಗ?"

ಮುಗೀತು. ಹಾಳೆ ಬೇಕಾಗಲೇ ಇಲ್ಲ. ಮುಂದೆ ಉಳಿದ ಎಪಿಸೋಡ್ ಪೂರ್ತಿ ಅವ್ವನೇ ನನಗೆ ನೆನಪು ಮಾಡಿಕೊಟ್ಟಳು, ಇವ ಅವನ ಮಗ, ಆಕಿ ಇವನ ಬೀಗತಿ ಅಂತ. ಒಂದೇ ಕಡೆ ಸೋತಳು. ಷಾರ್ಲಟ್ ಅನ್ನೋ ಪೊಲೀಸ್ ಅಧಿಕಾರಿಗೆ ಎಲಿಸಬೆತ್ ಅಂತ ಮಗಳು. ಮುಂದೆ ಗೊತ್ತಾಗುವುದೇನೆಂದರೆ ಆ ಎಲಿಸಬೆತ್ತೇ ಷಾರ್ಲಟ್‌ಳ ತಾಯಿ. ಮಗಳೇ ಹೆತ್ತವಳು, ಹೆತ್ತವಳೇ ಮಗಳು. ಅವ್ವ ಮೊರ ಕೆಳಗಿಟ್ಟು, "ಇದಕ್ಕ ನಮ್ಮ ಕಡಿ ಹೆಸರಿಲ್ಲಪ್ಪ" ಅಂದಳು.

ಈಗ ಸೀಸಿಯಂ ವಿಚಾರ. ಇದು ನನ್ನ ಹೊಟ್ಟೆಪಾಡಿನ ವಿಷಯ, ಸ್ವಲ್ಪ ಉದ್ದ ಆಗುತ್ತೆ.

ನಾನು ಸೇಡಂ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಇನ್‌ಸ್ಟ್ರುಮೆಂಟೇಶನ್ ಕೆಲಸದವನು. ಬಂಕರಿನಲ್ಲೋ ಚ್ಯೂಟಿನಲ್ಲೋ ಮಾಲು ಎಷ್ಟು ಎತ್ತರಕ್ಕೆ ತುಂಬಿದೆ ಅಂತ ಒಳಗೆ ಕೈ ಹಾಕದೆ ಅಳೆಯಬೇಕು. ಒಳಗೆ ಬಿಸಿ, ದೂಳು, ಬೇರೆ ಸೆನ್ಸರ್ ಬಾಳಿಕೆ ಬರಲ್ಲ. ಅದಕ್ಕೆ ಒಂದು ಕಡೆ ವಿಕಿರಣ ಸೂಸುವ ಸೀಸಿಯಂ-137 ಇರುವ ಸೀಸದ ಡಬ್ಬಿ, ಎದುರಿಗೆ ಡಿಟೆಕ್ಟರ್. ಮಾಲು ಅಡ್ಡ ಬಂದರೆ ಗಾಮಾ ಕಿರಣ ಕಡಿಮೆಯಾಗುತ್ತೆ, ಮಟ್ಟ ಗೊತ್ತಾಗುತ್ತೆ. ಡಬ್ಬಿ ಮೇಲೆ ಹಳದಿ ಹಿನ್ನೆಲೆಯಲ್ಲಿ ಮೂರು ಎಲೆಯಂಥ ಗುರುತು, ಒಂದು ಷಟರ್, ಅದಕ್ಕೊಂದು ಬೀಗ. ಮೆಂಟೆನೆನ್ಸ್ ಅಂದರೆ ಮೊದಲು ಷಟರ್ ಮುಚ್ಚಿದೆಯಾ ಅಂತ ಮೀಟರ್ ಹಿಡಿದು ನೋಡಬೇಕು, ಆಮೇಲೆ ಹತ್ತಿರ ಹೋಗಬೇಕು. ಡಾರ್ಕ್‌ನಲ್ಲಿ ಕಾಲ ದಾಟುವ ಯಂತ್ರಕ್ಕೆ ಹಾಕುವುದೂ ಇದೇ ಸೀಸಿಯಂ-137! ಕೈಯಲ್ಲಿ ಹಿಡಿದುಕೊಂಡು ಓಡಾಡುವಂಥ ಒಂದು ಹಿತ್ತಾಳೆ ಪೆಟ್ಟಿಗೆ, ಒಳಗೆ ಗಡಿಯಾರದ ಹಲ್ಲುಚಕ್ರಗಳು. ಸಿಸಿಆರ್‌ನಲ್ಲಿ, ಅಂದರೆ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಕೂರುವ ನನ್ನ ಗೆಳೆಯನಿಗೆ ಹೇಳಿದೆ. "ನಮ್ಮ ಪ್ಲಾಂಟಿನಾಗ ಇಷ್ಟು ವರ್ಷದಿಂದ ಸೀಸಿಯಂ ಅದ, ಇಲ್ಲಿತನಕ ಒಬ್ಬನೂ 1986ಕ್ಕ ಹೋಗಿಲ್ಲ ನೋಡು. ಹೋಗಿದ್ರ ಹಾಜರಿ ಹ್ಯಾಂಗ ಹಾಕ್ತಿದ್ರು?" ಅಂದ.

ತಮಾಷೆ ಬಿಡಿ. ಸೀರೀಸ್ ಕೊಡುವ ವಿವರಣೆ ಏನೆಂದರೆ, ಯಂತ್ರ ಹಿಗ್ಸ್ ಫೀಲ್ಡ್ (ಕಣಗಳಿಗೆ ತೂಕ ಕೊಡುವ ಕ್ಷೇತ್ರ) ಉಂಟುಮಾಡಿ ಸೀಸಿಯಂನ ತೂಕ ಹೆಚ್ಚಿಸುತ್ತೆ, ಆಮೇಲೆ ವಿದ್ಯುತ್ಕಾಂತದ ಒಂದು ಹೊಡೆತಕ್ಕೆ ಅದು ಒಳಕ್ಕೆ ಕುಸಿದು ಕಪ್ಪುರಂಧ್ರ ಆಗುತ್ತೆ. ಕೇಳಲು ಭಾರೀ ಇದೆ. ಆದರೆ ಒಂದು ಗ್ರಾಮಿನ ಕಪ್ಪುರಂಧ್ರ ಮಾಡಿದಿರಿ ಅಂತಲೇ ಇಟ್ಟುಕೊಳ್ಳಿ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 1974ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಅದು ಕಣ್ಣು ಮಿಟುಕಿಸುವುದು ಹಾಗಿರಲಿ, ಅದರ ಕೋಟಿ ಕೋಟಿಯ ಒಂದು ಪಾಲು ಹೊತ್ತೂ ಉಳಿಯಲ್ಲ, ಪೂರ್ತಿ ಶಕ್ತಿಯಾಗಿ ಸಿಡಿಯುತ್ತೆ. ನಾಗಸಾಕಿಯ ಬಾಂಬಿನಲ್ಲಿ ಶಕ್ತಿಯಾಗಿ ಬದಲಾದದ್ದೂ ಸುಮಾರು ಒಂದೇ ಗ್ರಾಂ. ಪಕ್ಕದಲ್ಲಿ ನಿಂತವನು 1986ಕ್ಕೆ ಹೋಗಲ್ಲ, ನೇರ ಶಿವನ ಪಾದಕ್ಕೆ ಹೋಗುತ್ತಾನೆ. ಇನ್ನೊಂದು ಸಣ್ಣ ಕೊಂಕು. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅರ್ಧ ಕರಗಲು ಹಿಡಿಯುವ ಕಾಲ, ಸುಮಾರು 30 ವರ್ಷ. ನಮ್ಮ ಗೇಜಿನಲ್ಲೇ ವರ್ಷಕ್ಕೆ ಸುಮಾರು ಶೇಕಡಾ 2.3ರಷ್ಟು ಬಲ ಇಳಿಯುತ್ತೆ, ಅದಕ್ಕೆ ತಕ್ಕಂತೆ ರೀಡಿಂಗ್ ಸರಿ ಮಾಡಬೇಕು. 33 ವರ್ಷ ಇಟ್ಟ ಮಾಲಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತೆ. ವಿಂಡೆನ್‌ನವರು ಯಾರೂ ಕ್ಯಾಲಿಬ್ರೇಶನ್ ಮಾಡಿದ್ದು ನಾನು ನೋಡಲಿಲ್ಲ.

ಬೇಜಾರಿನ ವಿಷಯ ಅಂದರೆ, ಸೀಸಿಯಂಗೂ ಕಾಲಕ್ಕೂ ನಿಜವಾದ ನಂಟು ಇದೆ, ಅದು 137 ಅಲ್ಲ, 133. 1967ರಿಂದ ಸೆಕೆಂಡ್ ಅಂದರೇನು ಅಂತ ನಿಗದಿಯಾಗಿರುವುದೇ ಅದರ ಮೇಲೆ, ಸೀಸಿಯಂ-133 ಪರಮಾಣುವಿನ 919,26,31,770 ಕಂಪನ ಒಂದು ಸೆಕೆಂಡ್. 1971ರಲ್ಲಿ ಹಾಫೆಲ್ ಮತ್ತು ಕೀಟಿಂಗ್ ಅನ್ನೋ ಇಬ್ಬರು ಸೀಸಿಯಂ ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ ಕೂರಿಸಿಕೊಂಡು ಭೂಮಿ ಸುತ್ತಿ ಬಂದರು. ನೆಲದ ಮೇಲಿದ್ದ ಗಡಿಯಾರಕ್ಕೆ ಹೋಲಿಸಿದರೆ ಪೂರ್ವಕ್ಕೆ ಸುತ್ತಿದ್ದು 59 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯ ಒಂದು ಪಾಲು ಒಂದು ನ್ಯಾನೋಸೆಕೆಂಡ್) ಹಿಂದೆ ಬಿದ್ದಿತ್ತು, ಪಶ್ಚಿಮಕ್ಕೆ ಸುತ್ತಿದ್ದು 273 ನ್ಯಾನೋಸೆಕೆಂಡ್ ಮುಂದೆ ಹೋಗಿತ್ತು. ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಓಡಲ್ಲ ಅನ್ನೋದಕ್ಕೆ ಇದಕ್ಕಿಂತ ರೋಚಕ ಕಥೆ ಬೇಕಾ? ಹಿತ್ತಾಳೆ ಪೆಟ್ಟಿಗೆ ಯಾಕೆ ಬೇಕಿತ್ತು ಇವರಿಗೆ.

ಗುಹೆಯ ಸುರಂಗದ ಬಗ್ಗೆ ಜಾಸ್ತಿ ಹೇಳಲ್ಲ. ಐನ್‌ಸ್ಟೈನ್ ಮತ್ತು ರೋಸೆನ್ 1935ರಲ್ಲಿ ಬರೆದ ಸೇತುವೆಯ (ದೂರದ ಎರಡು ಜಾಗ ಕೂಡಿಸುವ ಒಳದಾರಿ) ಹೆಸರು ಹೇಳುತ್ತಾರೆ, ಆದರೆ ಆ ಸೇತುವೆ ಬೆಳಕು ದಾಟುವುದರೊಳಗೇ ಮುಚ್ಚಿಕೊಳ್ಳುತ್ತೆ ಅಂತ 1962ರಲ್ಲೇ ಗೊತ್ತಾಗಿದೆ. ಇಲ್ಲಿ ಟಾರ್ಚ್ ಹಿಡಿದು ಮೊಣಕಾಲ ಮೇಲೆ ತೆವಳಿಕೊಂಡು ಹೋಗುತ್ತಾರೆ.

ಆದರೆ 33 ವರ್ಷದ ಚಕ್ರಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಸುರಂಗ ದಾಟಿದರೆ 33 ವರ್ಷ ಹಿಂದಕ್ಕೋ ಮುಂದಕ್ಕೋ: 1953, 1986, 2019. ಸೂರ್ಯನ ಲೆಕ್ಕವೂ ಚಂದ್ರನ ಲೆಕ್ಕವೂ 33 ವರ್ಷಕ್ಕೊಮ್ಮೆ ಕೂಡುತ್ತೆ ಅಂತ ಸೀರೀಸ್ ಹೇಳುತ್ತೆ. ಇದನ್ನು ಓದಿದ ಬೇರೆ ಊರಿನವರು ಇದೇನೋ ಗುಪ್ತ ವಿದ್ಯೆ ಅಂದುಕೊಳ್ಳಬಹುದು. ನಮ್ಮೂರಲ್ಲಿ ಇದು ಪಕ್ಕದ ಮನೆ ಚಾಚಾಗೆ ಗೊತ್ತು. ಚಂದ್ರನ 34 ವರ್ಷ ಅಂದರೆ ಸೂರ್ಯನ 33 ವರ್ಷ, ನಾಲ್ಕೈದು ದಿನ ಆಚೀಚೆ. ಅದಕ್ಕೇ ಚಂದ್ರನ ಲೆಕ್ಕದಲ್ಲಿ ನಡೆಯುವ ಬಂದೇ ನವಾಜ್ ದರ್ಗಾದ ಉರುಸು ಒಂದು ಕಾಲದಲ್ಲಿ ಚಳಿಗಾಲಕ್ಕೆ ಬಂದರೆ ಇನ್ನೊಂದು ಕಾಲದಲ್ಲಿ ಬಿಸಿಲಿಗೆ ಬರುತ್ತೆ, ಒಂದು ಸುತ್ತು ಹೊಡೆದು ಮತ್ತೆ ಅದೇ ಜಾಗಕ್ಕೆ ಬರುತ್ತೆ. ನಾನು ಕುತೂಹಲಕ್ಕೆ ಹಿಂದಕ್ಕೆ ಲೆಕ್ಕ ಹಾಕಿ ನೋಡಿದೆ, 1953ರಲ್ಲಿ, 1986ರಲ್ಲಿ, 2019ರಲ್ಲಿ, ಮೂರೂ ಸಲ ರಂಜಾನ್ ಶುರುವಾಗಿದ್ದು ಮೇ ತಿಂಗಳಲ್ಲಿ! ಚಾಚಾಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಇಲ್ಲ. "ನಾ ಸಣ್ಣವಿದ್ದಾಗ ಮೊದಲ್ನೇ ರೋಜಾ ಇಟ್ಟಿದ್ದು ಇಂಥಾ ಬಿಸಿಲಾಗೇ ಬೇಟಾ. ಮೊನ್ನೆ ಮತ್ತ ಅದೇ ಬಿಸಿಲು ಬಂತು, ನಾ ಮುದುಕ ಆಗಿದ್ದೆ ಅಷ್ಟೇ" ಅಂದರು. ಮೂರು ಸೀಸನ್ನಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಲಿಲ್ಲ.

ಸರಿ, ವಿಜ್ಞಾನ ಅಷ್ಟಕ್ಕಷ್ಟೇ ಅನ್ನೋದು ದೊಡ್ಡ ತಕರಾರಲ್ಲ. ಕಥೆಗೆ ಒಂದು ಸುಳ್ಳು ಮಾಫಿ. ನನ್ನ ತಕರಾರು ಇರುವುದು ಆ ಸುಳ್ಳನ್ನು ತ್ಯಾಗದ ಜೊತೆ ಗಂಟು ಹಾಕಿದ ರೀತಿಗೆ.

ಮೊದಲ ಎರಡು ಸೀಸನ್ ಒಂದು ನಿಯಮ ಹಿಡಿದು ನಡೆಯುತ್ತೆ. ನೀನು ಹಿಂದಕ್ಕೆ ಹೋಗಬಹುದು, ಆದರೆ ಏನನ್ನೂ ಬದಲಿಸಲಾರೆ. ನೀನು ಬದಲಿಸಲು ಹೋಗಿದ್ದೇ ಆದದ್ದಕ್ಕೆ ಕಾರಣ. ಇದು ಸುಮ್ನೆ ಕಥೆಗಾರರ ಚಮತ್ಕಾರ ಅಲ್ಲ. ನೋವಿಕೋವ್ ಅನ್ನೋ ರಷ್ಯದ ವಿಜ್ಞಾನಿ ಗಂಭೀರವಾಗಿಯೇ ಮಂಡಿಸಿದ ತತ್ವ. ಹಿಂದಕ್ಕೆ ಹೋಗುವ ದಾರಿ ಇದ್ದರೂ ತನಗೆ ತಾನೇ ಅಡ್ಡ ಬರುವ ಘಟನೆ ನಡೆಯುವುದೇ ಇಲ್ಲ. ಸೀರೀಸ್ ಇದನ್ನು ಹೊಟ್ಟೆ ಹಿಂಡುವ ಹಾಗೆ ತೋರಿಸುತ್ತೆ. ಯೋನಾಸ್ 1986ಕ್ಕೆ ಹೋಗಿ ಮಿಕ್ಕೆಲ್‌ನನ್ನು ಕಣ್ಣಾರೆ ಕಾಣುತ್ತಾನೆ, ಕರೆದುಕೊಂಡು ಬಂದರೆ ತಾನು ಹುಟ್ಟುವುದೇ ಇಲ್ಲ, ಬಿಟ್ಟು ಬರುತ್ತಾನೆ. ಎರಡನೇ ಸೀಸನ್ನಿನಲ್ಲಿ ಅಪ್ಪ ಆತ್ಮಹತ್ಯೆ ಮಾಡಿಕೊಳ್ಳುವ ಹಿಂದಿನ ದಿನಕ್ಕೆ ಹೋಗುತ್ತಾನೆ, ತಡೆಯಬೇಕು ಅಂತ. ಜೇಬಿನಲ್ಲಿ ಅಪ್ಪ ಬರೆದಿಟ್ಟಿದ್ದ ಚೀಟಿ. ಮೈಕೆಲ್‌ಗೆ ಸಾಯುವ ಯೋಚನೆಯೇ ಇರಲ್ಲ, ಮಗ ತೋರಿಸಿದ ಚೀಟಿಯಲ್ಲಿ ತನ್ನದೇ ಅಕ್ಷರ ನೋಡುತ್ತಾನೆ, ಮುಖದಲ್ಲಿ ಏನೋ ಇಳಿದು ಹೋಗುತ್ತೆ. ತಡೆಯಲು ಬಂದ ಮಗನೇ ದಾರಿ ತೋರಿಸಿದ ಹಾಗಾಯಿತು. ಆ ದೃಶ್ಯವನ್ನು ನಾನು ಅವ್ವನಿಗೆ ಕನ್ನಡ ಮಾಡಿ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅವ್ವ ಅತ್ತಿದ್ದು ಉಲ್ರಿಕ್‌ಗೆ. ಮಿಕ್ಕೆಲ್‌ನ ಅಪ್ಪ. ಮಗನನ್ನು ಹುಡುಕುತ್ತಾ ಹೋಗಿ 1953ಕ್ಕೆ ಬಿದ್ದು, ಮುಂದೆ ಕೇಡು ಮಾಡುತ್ತಾನೆ ಅಂತ ಒಬ್ಬ ಪುಟ್ಟ ಹುಡುಗನನ್ನು ಕಲ್ಲಿನಿಂದ ಜಜ್ಜುತ್ತಾನೆ. ಹುಡುಗ ಸಾಯಲ್ಲ, ಇವನು ಸಿಕ್ಕಿಬೀಳುತ್ತಾನೆ, ಹುಚ್ಚಾಸ್ಪತ್ರೆ ಸೇರುತ್ತಾನೆ. 34 ವರ್ಷ ಆದ ಮೇಲೆ, 1987ರಲ್ಲಿ, ತಲೆ ಬೆಳ್ಳಗಾದ ಉಲ್ರಿಕ್‌ಗೆ ಮಗ ಸಿಗುತ್ತಾನೆ. ಮಗ ಇನ್ನೂ ಹುಡುಗನೇ. ಕೈ ಹಿಡಿದುಕೊಂಡು ಹೊರಡುತ್ತಾನೆ, ಪೊಲೀಸರು ಬಿಡಿಸುತ್ತಾರೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಇದನ್ನ ಬರೆದೋನಿಗೆ ಮಕ್ಕಳಿಲ್ಲೇನು?" ಅಂದಳು.

ಈ ಬಿಗಿಯಾದ ಲೋಕದಲ್ಲಿ ಒಂದು ತೊಂದರೆ ಇದೆ. ಏನೂ ಬದಲಾಗಲ್ಲ ಅಂದ ಮೇಲೆ ತ್ಯಾಗ ಅನ್ನೋದು ಎಲ್ಲಿಂದ ಬರಬೇಕು? ಯೋನಾಸ್ ಮಿಕ್ಕೆಲ್‌ನನ್ನು ಬಿಟ್ಟು ಬಂದಿದ್ದು ತ್ಯಾಗವಾ, ಹೇಡಿತನವಾ? ಎರಡೂ ಅಲ್ಲ, ಬಿಟ್ಟು ಬರುವುದು ಮೊದಲೇ ಆಗಿ ಹೋಗಿತ್ತು. ಕೊಡದೇ ಇರಬಹುದಾಗಿತ್ತು, ಆದರೂ ಕೊಟ್ಟೆ ಅಂದರೆ ಅದು ದಾನ. ಸಂಬಳದಲ್ಲಿ ಪಿಎಫ್ ಕಟ್ ಆದರೆ ಯಾರೂ ಅದನ್ನು ದಾನ ಅನ್ನಲ್ಲ, ಅಲ್ವಾ?

ಬರೆದವರಿಗೂ ಇದು ಗೊತ್ತಾಗಿದೆ. ಅದಕ್ಕೆ ಮೂರನೇ ಸೀಸನ್ನಿನಲ್ಲಿ ಒಂದು ಕಿಂಡಿ ಕೊರೆಯುತ್ತಾರೆ. ಪ್ರಳಯದ ಹೊತ್ತಲ್ಲಿ ಕಾಲ ಒಂದು ಕ್ಷಣದ ಚೂರಿನಷ್ಟು ನಿಲ್ಲುತ್ತೆ, ಆಗ ಕಾರಣ-ಪರಿಣಾಮದ ಸರಪಳಿ ಕಡಿಯುತ್ತೆ, ಆಗ ಬೇರೆ ದಾರಿ ಹಿಡಿಯಬಹುದು ಅಂತ. ಪೆಟ್ಟಿಗೆ ತೆರೆದು ನೋಡುವವರೆಗೆ ಬದುಕೂ ಹೌದು ಸಾವೂ ಹೌದು ಅನ್ನೋ ಶ್ರೋಡಿಂಗರನ ಬೆಕ್ಕನ್ನು ಸಾಕ್ಷಿಗೆ ಕರೆತರುತ್ತಾರೆ. ಬೆಕ್ಕಿಗೂ ಇದಕ್ಕೂ ಸಂಬಂಧ ಇಲ್ಲ, ಪಾಪ. ಎರಡು ಸೀಸನ್ ಗೋಡೆ ಗೋಡೆ ಅಂತ ಹೆದರಿಸಿ, ಕೊನೆಗೆ ಇಲ್ಲೊಂದು ಬಾಗಿಲಿದೆ ಅಂದ ಹಾಗೆ. ಕಿಂಡಿಯ ಆಚೆ ಇರುವುದೇ ಮೂಲ ಲೋಕ. ಅಲ್ಲಿ ಟ್ಯಾನ್‌ಹೌಸ್ ಅನ್ನೋ ಗಡಿಯಾರದವನು 1971ರಲ್ಲಿ ಮಗ, ಸೊಸೆ, ಮೊಮ್ಮಗಳನ್ನು ಕಾರು ಅಪಘಾತದಲ್ಲಿ ಕಳೆದುಕೊಂಡು, ಅವರನ್ನು ವಾಪಸ್ ತರಲು 1986ರಲ್ಲಿ ಯಂತ್ರ ಮಾಡುತ್ತಾನೆ. ಅದರಿಂದ ಲೋಕ ಎರಡಾಗಿ ಒಡೆಯುತ್ತೆ. ನಾವು ನೋಡಿದ್ದೆಲ್ಲ ಆ ಒಡಕಿನ ಒಳಗೆ. ಯೋನಾಸ್ ಮತ್ತು ಮಾರ್ತಾ ಮೂಲ ಲೋಕಕ್ಕೆ ಹೋಗಿ, ರಾತ್ರಿ ಮಳೆಯಲ್ಲಿ ಕಾರಿಗೆ ಅಡ್ಡ ನಿಲ್ಲುತ್ತಾರೆ. ಕಾರು ಹಿಂದಿರುಗುತ್ತೆ. ಅಪಘಾತ ಇಲ್ಲ, ಯಂತ್ರ ಇಲ್ಲ, ಒಡಕು ಇಲ್ಲ. ಇಬ್ಬರೂ ಬೆಳಕಿನ ಪುಡಿಯಾಗಿ ಕರಗುತ್ತಾರೆ. ಚಂದ ತೆಗೆದಿದ್ದಾರೆ, ನನಗೂ ಗಂಟಲು ಕಟ್ಟಿತು.

ಮರುದಿನ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಒಡಕೇ ಆಗಲಿಲ್ಲ ಅಂದರೆ ಇವರು ಹುಟ್ಟಲೇ ಇಲ್ಲ. ಹುಟ್ಟದವರು ಕಾರು ನಿಲ್ಲಿಸಿದ್ದು ಹೇಗೆ? ಇದಕ್ಕೆ ಭೌತವಿಜ್ಞಾನದಲ್ಲಿ ಒಂದು ಉತ್ತರ ಇದೆ. ಡೇವಿಡ್ ಡಾಯ್ಚ್ ಅನ್ನುವವರು 1991ರಲ್ಲಿ ಹೇಳಿದ್ದು. ಹಿಂದಕ್ಕೆ ಹೋದವನು ತನ್ನ ಲೋಕದ ಹಿಂದಕ್ಕೆ ಹೋಗಲ್ಲ, ಪಕ್ಕದ ಇನ್ನೊಂದು ಲೋಕಕ್ಕೆ ಹೋಗುತ್ತಾನೆ, ಅಲ್ಲಿ ಏನು ಬದಲಿಸಿದರೂ ತನ್ನ ಲೋಕ ಹಾಗೇ ಇರುತ್ತೆ. ವಿರೋಧ ಬಗೆಹರಿಯಿತು. ಆದರೆ ಆಗ ಯೋನಾಸ್ ಕರಗಬೇಕಾಗಿಯೇ ಇಲ್ಲ! ಅವನ ಲೋಕ ಅದೇ ಗೋಳಿನಲ್ಲಿ ಇನ್ನೂ ಸುತ್ತುತ್ತಿರುತ್ತೆ, ಪಕ್ಕದ ಲೋಕದಲ್ಲಿ ಒಂದು ಕಾರು ಬಚಾವಾಗಿರುತ್ತೆ ಅಷ್ಟೇ. ನೋವಿಕೋವ್ ಹೇಳಿದಂತೆ ನಡೆದರೆ ತ್ಯಾಗ ಮಾಡಲು ಆಗಲ್ಲ, ಡಾಯ್ಚ್ ಹೇಳಿದಂತೆ ನಡೆದರೆ ತ್ಯಾಗ ಬೇಕಾಗಲ್ಲ. ಕೊನೆಯ ಎಪಿಸೋಡಿಗೆ ಬೇಕಾದದ್ದು ಇವೆರಡರ ನಡುವಿನ ಒಂದು ಜಾಗ, ಆ ಜಾಗ ಕಣ್ಣೀರು ಬರಿಸಲಿಕ್ಕೆಂದೇ ಮಾಡಿಕೊಂಡಿದ್ದು. ಅಂಕ ಕಟ್ ಆಗಿದ್ದು ಇಲ್ಲಿ.

ಅವ್ವನ ತಕರಾರು ಬೇರೆ, ನನ್ನದಕ್ಕಿಂತ ತೂಕದ್ದು. ಯೋನಾಸ್, ಮಾರ್ತಾ ಮಾತ್ರ ಹೋಗಲಿಲ್ಲ ನೋಡಿ. ಷಾರ್ಲಟ್, ಎಲಿಸಬೆತ್, ಉಲ್ರಿಕ್, ಮಿಕ್ಕೆಲ್, ಅವನ ಅಣ್ಣ, ಎಲ್ಲರೂ ಇಲ್ಲವಾದರು. ಸತ್ತರು ಅಂತಲೂ ಅಲ್ಲ, ಇರಲೇ ಇಲ್ಲ ಅನ್ನುವ ಹಾಗೆ. ಇದನ್ನೆಲ್ಲ ಲೆಕ್ಕ ಹಾಕಿ ದಾರಿ ಹೇಳಿಕೊಟ್ಟವಳು ಕ್ಲೌಡಿಯಾ ಅನ್ನೋ ಮುದುಕಿ, ಯಾಕೆಂದರೆ ಮೂಲ ಲೋಕದಲ್ಲಿ ಅವಳ ಮಗಳು ರೆಗಿನಾ ಬದುಕುತ್ತಾಳೆ. "ಆ ಹುಡುಗ ಹುಡುಗಿ ತಮ್ಮ ಜೀವ ಕೊಟ್ರು, ಆಯ್ತು, ದೊಡ್ಡವರು. ಉಳಿದೋರ್ನ ಯಾರು ಕೇಳಿದ್ರು? ಆ ಮುದುಕಿ ತನ್ನ ಮಗಳ ಸಲುವಾಗಿ ಊರ ಮಂದಿ ಮಕ್ಕಳನ್ನ ಕೊಟ್ಲು" ಅಂದಳು ಅವ್ವ. ಅವರೆಲ್ಲ ನರಳುತ್ತಿದ್ದರಲ್ಲ, ಬಿಡುಗಡೆ ಆಯ್ತಲ್ಲ ಅಂದೆ. "ನರಳಾಟ ಅದ ಅಂತ ಹೇಳಿ ಹುಟ್ಟೋದೇ ಬ್ಯಾಡ ಅಂತ ನಾ ಅಂದಿದ್ರ ನೀ ಎಲ್ಲಿರ್ತಿದ್ದಿ?" ನಾನು ಏಳು ತಿಂಗಳಿಗೆ ಹುಟ್ಟಿದವನು. ಎರಡು ವರ್ಷ ಆಸ್ಪತ್ರೆ ಮನೆ ಅಂತ ಓಡಾಡಿದ್ದಾಳೆ. ಸುಮ್ಮನಾದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒಂದೇ ಪಾತ್ರಕ್ಕೆ ಬೇರೆ ಬೇರೆ ವಯಸ್ಸಿನ ನಟರನ್ನು ಆರಿಸಿದ್ದು ಅದ್ಭುತ, ಮೂಗು, ಕಣ್ಣು, ನಡಿಗೆ ಎಲ್ಲ ಒಂದೇ ಮನೆಯವರಂತೆ. ಮೊದಲ ಮೂರು ಎಪಿಸೋಡ್ ನಿಧಾನ, ತಾಳ್ಮೆ ಇರಲಿ. ಮೂರನೇ ಸೀಸನ್ನಿನ ಮಧ್ಯೆ ಎರಡು ಲೋಕ ಅದಲು ಬದಲು ಮಾಡಿ ತೋರಿಸುವಾಗ ನನಗೂ ಒಂದೆರಡು ಸಲ ನಿದ್ದೆ ಬಂತು. ಮಕ್ಕಳ ಜೊತೆ ನೋಡುವಂಥದ್ದಲ್ಲ. ಬಿಸಿಲಿಗೆ ಮಾತ್ರ ಒಳ್ಳೆಯದು, 26 ಎಪಿಸೋಡ್ ತುಂಬ ಮಳೆ ನೋಡಿ ಕಣ್ಣಾದರೂ ತಂಪಾಗುತ್ತೆ.

ಕೊನೆಯ ದೃಶ್ಯ ಮೂಲ ಲೋಕದಲ್ಲಿ ಒಂದು ಊಟದ ಮೇಜು. ಉಳಿದ ಕೆಲವರು ಕೂತು ನಗುತ್ತಿದ್ದಾರೆ, ರೆಗಿನಾ ಇದ್ದಾಳೆ, ಹನ್ನಾ ಬಸುರಿ. ಹೊರಗೆ ಗುಡುಗು. ಅಷ್ಟರಲ್ಲಿ ದೀಪ ಆರಿತು. ಅವ್ವ ಥಟ್ಟನೆ ಮೇಲೆ ನೋಡಿದಳು. ನಮ್ಮ ಫ್ಯಾನ್ ತಿರುಗುತ್ತಿತ್ತು.

"ಅಲ್ಲೇ ಹೋಗ್ಯದ, ನಮ್ದಲ್ಲ" ಅಂದೆ.

ದೀಪ ಬಂತು. ಹನ್ನಾ ಅಲ್ಲಿ ತೂಗುಹಾಕಿದ್ದ ಹಳದಿ ಕೋಟು ನೋಡುತ್ತಾಳೆ. ಮಗುವಿಗೆ ಏನು ಹೆಸರು ಇಡುತ್ತೀಯ ಅಂತ ಯಾರೋ ಕೇಳುತ್ತಾರೆ.

"ಏನಂದ್ಳು?"

"ಯೋನಾಸ್ ಅಂತ."

"ಹಂಗಾದ್ರ ಆ ಕೋಟು ಯಾರಿಗೂ ಕೊಡಬ್ಯಾಡ ಅನ್ನು" ಅಂದು ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು.